ಮೇಷ್ಟ್ರ ನಾಡಿ: ದೂರ ಓಟಗಾರರೊಬ್ಬರ ಹೃದಯದ ಲಯ ತಪ್ಪಿದ ಪ್ರಕರಣ

ಇದನ್ನು ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಬರೆದದ್ದನ್ನು ಮೊದಲು ಓದಿದವರೂ ಅವರೇ. ಹೆಸರು ಮಾತ್ರ ಬೇಡ ಅಂದರು. ಊರು, ವಯಸ್ಸು, ತಿಂಗಳುಗಳನ್ನು ಬದಲಿಸಿದ್ದೇನೆ. ಇಲ್ಲಿ ಅವರನ್ನು ಮೇಷ್ಟ್ರು ಅಂತ ಕರೆಯುತ್ತೇನೆ. ನಾನು ಫಿಸಿಶಿಯನ್, ಹೃದ್ರೋಗ ತಜ್ಞನಲ್ಲ. ಅವರ ಜೊತೆ ಭಾನುವಾರ ಬೆಳಿಗ್ಗೆ ಓಡುವವನೂ ಹೌದು. ಈ ಎರಡನೇ ಸಂಬಂಧ ಮೊದಲನೆಯದಕ್ಕೆ ಅಡ್ಡ ಬಂತು. ಅದನ್ನು ಮುಚ್ಚಿಡದೆ ಬರೆದರೆ ಮಾತ್ರ ಇದರಿಂದ ಬೇರೆಯವರಿಗೆ ಉಪಯೋಗ.

ಹಿನ್ನೆಲೆ

ಮೇಷ್ಟ್ರಿಗೆ ಆಗ 51 ವರ್ಷ. ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ. ಎತ್ತರದ ಆಳು, ಆರಡಿಗೆ ಒಂದಿಂಚು ಕಮ್ಮಿ. ಮನೆತನದಲ್ಲಿ ಸಕ್ಕರೆ ಕಾಯಿಲೆ ಇತ್ತು. ತನಗೂ ಬಂದೀತು ಅಂತ ಹೆದರಿ 36ನೇ ವಯಸ್ಸಿನಲ್ಲಿ ಓಡಲು ಶುರು ಮಾಡಿದರು. ಮೊದಲು 5 ಕಿ.ಮೀ., ಆಮೇಲೆ ಹಾಫ್ ಮ್ಯಾರಥಾನ್, ಆಮೇಲೆ ಫುಲ್. ಶ್ರೀರಂಗಪಟ್ಟಣದ ಹತ್ತಿರ ನಡೆಯುವ ಕಾವೇರಿ ಟ್ರೇಲ್ ಮ್ಯಾರಥಾನ್, ಜನವರಿಯ ಮುಂಬೈ ಮ್ಯಾರಥಾನ್, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ 50 ಕಿ.ಮೀ. ಓಟ, ಎಲ್ಲಾ ಆಗಿತ್ತು. ವಾರಕ್ಕೆ 70ರಿಂದ 80 ಕಿ.ಮೀ. ಬಿಡದೆ ಓಡುತ್ತಿದ್ದರು. ಬೀಡಿ ಸಿಗರೇಟು ಇಲ್ಲ, ಕುಡಿತ ಇಲ್ಲ. ಬಿಪಿ, ಶುಗರ್ ಎರಡೂ ಸರಿಯಾಗಿದ್ದವು.

ವಿಶ್ರಾಂತಿಯಲ್ಲಿ ಅವರ ನಾಡಿ ನಿಮಿಷಕ್ಕೆ 44. ನಮ್ಮ ಗ್ರೂಪಿನಲ್ಲಿ ಇದೊಂದು ಹೆಮ್ಮೆಯ ವಿಷಯ. ಓಟ ಮುಗಿಸಿ ಇಡ್ಲಿ ತಿನ್ನುವಾಗ "ನಿಮ್ಮದೆಷ್ಟು?" ಅಂತ ಕೇಳಿಕೊಳ್ಳುವುದು ರೂಢಿ. ಯಾರದ್ದು ಕಡಿಮೆಯೋ ಅವರು ಗೆದ್ದ ಹಾಗೆ. ಇದಕ್ಕೆ ಕಾರಣವೂ ಇದೆ. ವರ್ಷಗಟ್ಟಲೆ ದೂರ ಓಡಿದವರ ಹೃದಯದ ಕೋಣೆಗಳು ದೊಡ್ಡದಾಗುತ್ತವೆ. ಒಂದು ಬಡಿತಕ್ಕೆ ಜಾಸ್ತಿ ರಕ್ತ ಹೊರಡುತ್ತದೆ. ಹಾಗಾಗಿ ಸುಮ್ನೆ ಕೂತಾಗ ಕಡಿಮೆ ಬಡಿತ ಸಾಕು. ಇದು ರೋಗವಲ್ಲ, ದೇಹ ಹೊಂದಿಕೊಂಡ ರೀತಿ. ಆದರೆ ಆ 44 ನನ್ನ ಕಣ್ಣಿಗೆ ಪರದೆ ಕಟ್ಟಿತು. ಇಷ್ಟು ಗಟ್ಟಿ ಹೃದಯಕ್ಕೆ ಏನಾದೀತು ಅಂದುಕೊಂಡೆ.

ಶುರುವಾದದ್ದು ಊಟವಾದ ಮೇಲೆ

ಮೊದಲ ಸಲ ಆದದ್ದು ಯುಗಾದಿ ಹಬ್ಬದ ದಿನ. ಬೆಳಿಗ್ಗೆ 32 ಕಿ.ಮೀ. ಓಡಿದ್ದರು. ಮಧ್ಯಾಹ್ನ ಹೊಟ್ಟೆ ತುಂಬಾ ಹೋಳಿಗೆ ಊಟ. ಸ್ವಲ್ಪ ಹೊತ್ತು ಮಲಗಿದರು. ಎಡಮಗ್ಗುಲಿಗೆ ಹೊರಳಿದಾಗ ಎದೆಯೊಳಗೆ ಏನೋ ಎಗರಾಡಿತು. "ಮುಚ್ಚಿದ ಬಿಂದಿಗೆಯೊಳಗೆ ಕಪ್ಪೆ ಬಿಟ್ಟ ಹಾಗೆ" ಅಂತ ಅವರೇ ಹೇಳಿದ್ದು. ನೋವಿಲ್ಲ, ಉಸಿರು ಕಟ್ಟಲಿಲ್ಲ. ಎರಡು ಗಂಟೆ ಇತ್ತು, ತಾನಾಗಿ ನಿಂತಿತು. ಗ್ಯಾಸ್ ಇರಬೇಕು ಅಂತ ಜೀರಿಗೆ ಕಷಾಯ ಕುಡಿದರು.

ಮುಂದಿನ ಭಾನುವಾರ ಓಟದ ನಡುವೆ ಇದನ್ನು ನನಗೆ ಹೇಳಿದರು. ಇನ್ನೊಂದು ಮಾತನ್ನೂ ಸೇರಿಸಿದರು. ಆ ಎರಡು ಗಂಟೆಯಲ್ಲಿ ಐದಾರು ಸಲ ಮೂತ್ರಕ್ಕೆ ಎದ್ದು ಹೋಗಬೇಕಾಯಿತಂತೆ. ಬೆಳಿಗ್ಗೆ ನೀರು ಜಾಸ್ತಿ ಕುಡಿದಿರಬೇಕು ಅಂದೆ ನಾನು. ಓಡುತ್ತಲೇ ಅಂದೆ, ನಿಂತು ಕೇಳಲಿಲ್ಲ. ಅದೇ ಮಾತನ್ನು ಕ್ಲಿನಿಕ್ಕಿನಲ್ಲಿ ಯಾರಾದರೂ ಹೇಳಿದ್ದರೆ ನನ್ನ ಕಿವಿ ನೆಟ್ಟಗಾಗುತ್ತಿತ್ತು. ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಹಿಗ್ಗಿದಾಗ ಒಂದು ಹಾರ್ಮೋನು ಬಿಡುತ್ತವೆ. ಅದು ಮೂತ್ರಪಿಂಡಕ್ಕೆ ನೀರನ್ನೂ ಉಪ್ಪನ್ನೂ ಹೊರಗೆ ಕಳಿಸು ಅನ್ನುತ್ತದೆ. ಎದೆ ಬಡಿತದ ಜೊತೆಗೆ ಪದೇ ಪದೇ ಮೂತ್ರ ಬಂದರೆ ಅದು ಗ್ಯಾಸ್ ಅಲ್ಲ. ಪುಸ್ತಕದಲ್ಲಿ ಓದಿದ್ದ ವಿಷಯವೇ. ಸ್ನೇಹಿತನ ಬಾಯಿಂದ ಬಂದಾಗ ಕೇಳಿಸಲಿಲ್ಲ.

ಹೀಗೆ ಮೂರು ತಿಂಗಳು ಹೋಯಿತು. ತಿಂಗಳಿಗೆ ಒಂದೆರಡು ಸಲ ಇದ್ದದ್ದು ಐದಾರು ಸಲಕ್ಕೆ ಏರಿತು. ಬಂದರೆ ರಾತ್ರಿ, ಅಥವಾ ಊಟದ ನಂತರ, ಅಥವಾ ದೂರದ ಓಟ ಮುಗಿಸಿ ವಿಶ್ರಾಂತಿ ಪಡೆಯುವಾಗ. ಓಡುವಾಗ ಏನೂ ಇಲ್ಲ. ಈ ಕಾರಣಕ್ಕೇ ಇಬ್ಬರೂ ಧೈರ್ಯವಾಗಿದ್ದೆವು. ಹೃದಯದ ತೊಂದರೆ ಆಗಿದ್ದರೆ ಏರು ಹತ್ತುವಾಗ ಬರಬೇಕಿತ್ತು, ಮಲಗಿದಾಗ ಯಾಕೆ ಬರುತ್ತದೆ, ಅಲ್ವಾ? ಈ ತರ್ಕ ತಪ್ಪು. ಹೃದಯವನ್ನು ನಿಧಾನ ಮಾಡುವ ವೇಗಸ್ ನರ ದೂರ ಓಟಗಾರರಲ್ಲಿ ತುಂಬಾ ಬಲವಾಗಿರುತ್ತದೆ. ನಿದ್ದೆಯಲ್ಲಿ, ಊಟವಾದ ಮೇಲೆ ಅದರ ಕೈ ಇನ್ನೂ ಮೇಲಾಗುತ್ತದೆ. ಕೆಲವರಲ್ಲಿ ಲಯ ತಪ್ಪಲು ಅದೇ ದಾರಿ ಮಾಡಿಕೊಡುತ್ತದೆ.

ವಾಚು ಹೇಳಿದ್ದು, ನಾನು ಹೇಳಿದ್ದು

ಜುಲೈನಲ್ಲಿ ಮೊದಲ ಸಲ ಓಡುವಾಗಲೂ ಆಯಿತು. 14ನೇ ಕಿ.ಮೀ.ನಲ್ಲಿ ಕಾಲು ಸೋತ ಹಾಗಾಗಿ ನಿಂತರು. ವಾಚು 178 ತೋರಿಸುತ್ತಿತ್ತು. ನಾನು ಪಕ್ಕದಲ್ಲೇ ಇದ್ದೆ. "ಅದು ನಿಮ್ಮ ಹೆಜ್ಜೆ ಲೆಕ್ಕ ಮೇಷ್ಟ್ರೇ, ನಾಡಿ ಅಲ್ಲ" ಅಂದೆ.

ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಕೈಗಡಿಯಾರ ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು ರಕ್ತದ ಏರಿಳಿತ ನೋಡುತ್ತದೆ. ಕೈ ಅಲುಗಾಡುವಾಗ ಅದಕ್ಕೆ ಗೊಂದಲವಾಗುತ್ತದೆ. ಹೆಜ್ಜೆಯ ತಾಳವನ್ನೇ ನಾಡಿ ಅಂದುಕೊಳ್ಳುತ್ತದೆ. ಓಟಗಾರರ ಹೆಜ್ಜೆ ನಿಮಿಷಕ್ಕೆ 170, 180ರ ಹತ್ತಿರ ಇರುವುದರಿಂದ ಈ ಮೋಸ ಸುಲಭವಾಗಿ ನಡೆಯುತ್ತದೆ. ಆದರೆ ಮೇಷ್ಟ್ರು ಆಗ ಓಡುತ್ತಿರಲಿಲ್ಲ. ಮರ ಹಿಡಿದು ನಿಂತಿದ್ದರು. ನಿಂತ ಮನುಷ್ಯನಿಗೆ ಎಲ್ಲಿಯ ಹೆಜ್ಜೆ ಲೆಕ್ಕ? ಅವರ ಮಣಿಕಟ್ಟಿನ ಮೇಲೆ ಎರಡು ಬೆರಳು ಇಟ್ಟಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ನಾನು ಇಡಲಿಲ್ಲ.

ಮನೆಗೆ ಬಂದ ಮೇಲೆ ಇದೇ ಮಾತು ಕೊರೆಯುತ್ತಿತ್ತು. ಸಂಜೆ ಫೋನ್ ಮಾಡಿ ಕ್ಲಿನಿಕ್ಕಿಗೆ ಕರೆದೆ. ಇಡೀ ಪ್ರಕರಣದ ಮೊದಲ ತಿರುವು ಇದು. ಅವತ್ತಿನಿಂದ ಅವರು ಓಟದ ಗೆಳೆಯ ಅಲ್ಲ, ರೋಗಿ.

ಕಾಗದದ ಮೇಲೆ ಹಿಡಿಯುವುದು

ಇಸಿಜಿ ಮಾಡಿಸಿದೆ, ಸರಿಯಾಗಿಯೇ ಇತ್ತು. ನಾಡಿ 46, ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ವಿದ್ಯುತ್ ಹೋಗುವುದು ಚೂರು ನಿಧಾನ. ಓಟಗಾರರಲ್ಲಿ ಇದು ಮಾಮೂಲು. 24 ಗಂಟೆ ಹೋಲ್ಟರ್ ಕಟ್ಟಿಸಿದೆವು, ಅಂದರೆ ಮೈಮೇಲೆ ಕಟ್ಟಿಕೊಂಡು ಓಡಾಡುವ, ಬಿಡದೆ ಇಸಿಜಿ ದಾಖಲಿಸುವ ಸಣ್ಣ ಯಂತ್ರ. ಅದರಲ್ಲೂ ಏನೂ ಇಲ್ಲ. ಆಮೇಲೆ ವಿಚಾರಿಸಿದಾಗ ಗೊತ್ತಾಯಿತು, ಬೆವರಿಗೆ ಅಂಟುಪಟ್ಟಿಗಳು ಕಿತ್ತು ಬಂದಾವು ಅಂತ ಮೇಷ್ಟ್ರು ಆ ದಿನ ಓಡಲೇ ಇಲ್ಲ. ರಾತ್ರಿ ಎರಡು ಚಪಾತಿ ತಿಂದು ಬೇಗ ಮಲಗಿದ್ದರು. ಕಳ್ಳ ಬರುವ ದಾರಿಯನ್ನೇ ಮುಚ್ಚಿ ಕಾವಲು ಕೂತ ಹಾಗಾಯಿತು. ತಪ್ಪು ಅವರದ್ದಲ್ಲ. ಎಂದಿನ ಹಾಗೆ ಓಡಿ, ಎಂದಿನ ಹಾಗೆ ಉಣ್ಣಿ ಅಂತ ನಾವು ಹೇಳಬೇಕಿತ್ತು.

ಆಗ ಒಂದು ನಿರ್ಧಾರ ಮಾಡಿದೆವು. ಬಂದು ಹೋಗುವ ತೊಂದರೆಯನ್ನು ಅದು ಇರುವಾಗಲೇ ಹಿಡಿಯಬೇಕು. ಎಲ್ಲೇ ಇರಿ, ಎಷ್ಟು ಹೊತ್ತೇ ಆಗಿರಲಿ, ಎದೆ ಎಗರಿದರೆ ಹತ್ತಿರದ ಯಾವುದಾದರೂ ಆಸ್ಪತ್ರೆಗೆ ಹೋಗಿ ಒಂದು ಇಸಿಜಿ ತೆಗೆಸಿ ಅಂದೆ. ಒಂದು ಚೀಟಿಯನ್ನೂ ಬರೆದುಕೊಟ್ಟೆ: "ಇವರಿಗೆ ಈಗಲೇ ಇಸಿಜಿ ತೆಗೆದು ಪ್ರತಿ ಕೊಡಿ. ನೋಡಲು ಆರಾಮಾಗಿ ಕಂಡರೂ ತೆಗೆಯಿರಿ."

ಆ ಕೊನೆಯ ಸಾಲೇ ಕೆಲಸಕ್ಕೆ ಬಂತು. ಆಗಸ್ಟಿನ ಒಂದು ರಾತ್ರಿ ಮೂರೂವರೆಗೆ ಎಚ್ಚರವಾಯಿತು. ಸ್ಕೂಟರಿನಲ್ಲಿ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಹೋದರು. (ತಾವೇ ಸ್ಕೂಟರ್ ಓಡಿಸಿದ್ದು ಸರಿಯಲ್ಲ, ಯಾರೂ ಹಾಗೆ ಮಾಡಬೇಡಿ.) ಡ್ಯೂಟಿಯಲ್ಲಿದ್ದ ಸಿಸ್ಟರ್ ಬಿಪಿ ನೋಡಿ, "ಆರಾಮಾಗಿದೀರಲ್ಲ ಸಾರ್, ಬೆಳಿಗ್ಗೆ ಡಾಕ್ಟರ್ ಬರ್ತಾರೆ" ಅಂದರಂತೆ. ಮೇಷ್ಟ್ರು ಚೀಟಿ ತೋರಿಸಿದರು. ಇಸಿಜಿ ಆಯಿತು. ಬೆಳಗಿನ ನಾಲ್ಕು ಗಂಟೆಗೆ ನನ್ನ ವಾಟ್ಸಾಪಿಗೆ ಅದರ ಫೋಟೋ ಬಂತು.

ಒಂದೇ ನೋಟ ಸಾಕಾಯಿತು. ಪ್ರತಿ ಬಡಿತದ ಮುಂಚೆ ಇರಬೇಕಾದ ಸಣ್ಣ ಗುಡ್ಡ, ಪಿ ಅಲೆ, ಇರಲೇ ಇಲ್ಲ. ಅದರ ಜಾಗದಲ್ಲಿ ಗೀರು ಗೀರು ಗೆರೆ. ಬಡಿತಗಳ ನಡುವಿನ ಅಂತರ ಒಂದು ಸಲ ಇದ್ದ ಹಾಗೆ ಇನ್ನೊಂದು ಸಲ ಇಲ್ಲ. ಏಟ್ರಿಯಲ್ ಫಿಬ್ರಿಲೇಷನ್. ಹೃದಯದ ಮೇಲಿನ ಕೋಣೆಗಳು ಒಟ್ಟಾಗಿ ಕುಗ್ಗುವುದನ್ನು ಬಿಟ್ಟು ಸುಮ್ಮನೆ ಅದುರುವ ಸ್ಥಿತಿ. ಒಂದು ಗಂಟೆ ತಡವಾಗಿ ಹೋಗಿದ್ದರೆ ಆ ಕಾಗದ ಸಿಗುತ್ತಿರಲಿಲ್ಲ. ಐದು ಗಂಟೆಗೆ ಲಯ ತಾನಾಗಿ ಸರಿಹೋಗಿತ್ತು. ಈಗ ಕೆಲವು ವಾಚುಗಳಲ್ಲೇ ಇಸಿಜಿ ಗೆರೆ ತೆಗೆಯಬಹುದು. ಅಂಥದ್ದು ಇದ್ದರೆ ಎದೆ ಎಗರಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಅದೇ.

ಯಾಕೆ ಬಂತು?

ಹೃದ್ರೋಗ ತಜ್ಞರ ಬಳಿ ಕಳಿಸಿದೆ. ಪರೀಕ್ಷೆಗಳ ವಿವರವನ್ನೆಲ್ಲ ಎಳೆಯುವುದಿಲ್ಲ. ಥೈರಾಯ್ಡ್ ಸರಿ ಇತ್ತು, ಪೊಟ್ಯಾಸಿಯಂ ಸರಿ, ಟ್ರೆಡ್‌ಮಿಲ್ ಪರೀಕ್ಷೆ ಸರಿ, ಎಂಆರ್‌ಐನಲ್ಲಿ ಹೃದಯದ ಸ್ನಾಯುವಿನ ಮೇಲೆ ಗಾಯದ ಕಲೆ ಇಲ್ಲ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಅದರ ಬಗ್ಗೆ ಒಂದು ಮಾತು. ನಮ್ಮ ದೇಶದಲ್ಲಿ ಈ ಲಯದೋಷ ಕಂಡರೆ ಮೊದಲು ಕವಾಟ ನೋಡಬೇಕು. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ನೋವಿನ ಜೊತೆ ಬಂದ ಸಂಧಿವಾತದ ಜ್ವರ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟವನ್ನು ಕೆಡಿಸಿ ದಶಕಗಳ ನಂತರ ಹೀಗೆ ಕಾಣಿಸಿಕೊಳ್ಳಬಹುದು. ಮೇಷ್ಟ್ರ ಕವಾಟ ಚೆನ್ನಾಗಿತ್ತು. ಎಡಭಾಗದ ಮೇಲಿನ ಕೋಣೆ ಮಾತ್ರ ಸ್ವಲ್ಪ ದೊಡ್ಡದಾಗಿತ್ತು.

"ಬೇರೆ ಕಾರಣವೇ ಇಲ್ಲ ಅಂದ್ರೆ ಓಟವೇ ಕಾರಣವಾ?" ಅಂತ ಕೇಳಿದರು. ಅವರ ಮುಖ ನೋಡಲು ಕಷ್ಟವಾಯಿತು. ಹದಿನೈದು ವರ್ಷ ಔಷಧಿ ಅಂತ ನಂಬಿದ್ದೇ ತೊಂದರೆ ಕೊಟ್ಟಿತು ಅಂದರೆ ಯಾರಿಗಾದರೂ ಎದೆ ಒಡೆಯುತ್ತದೆ.

ನನಗೆ ತಿಳಿದದ್ದನ್ನು ಹೇಳಿದೆ. ಸ್ವೀಡನ್ನಿನಲ್ಲಿ ವಾಸಲೋಪೆಟ್ ಅಂತ 90 ಕಿ.ಮೀ. ಸ್ಕೀ ಓಟ ನಡೆಯುತ್ತದೆ. 1989ರಿಂದ 1998ರವರೆಗೆ ಅದನ್ನು ಮುಗಿಸಿದ 52,755 ಜನರನ್ನು ಹಿಂಬಾಲಿಸಿ ನೋಡಿದ ಅಧ್ಯಯನ 2013ರಲ್ಲಿ ಬಂತು. ಒಂದೇ ಸಲ ಓಡಿದವರಿಗಿಂತ ಐದು ಅಥವಾ ಜಾಸ್ತಿ ಸಲ ಓಡಿದವರಲ್ಲಿ ಲಯದೋಷದ ಅಪಾಯ ಸುಮಾರು 30% ಹೆಚ್ಚಿತ್ತು. ಫಿನ್‌ಲೆಂಡಿನಲ್ಲಿ ನಕ್ಷೆ ಹಿಡಿದು ಕಾಡಿನಲ್ಲಿ ಓಡುವ ಹಿರಿಯ ಓಟಗಾರರನ್ನು ಬೇರೆಯವರ ಜೊತೆ ಹೋಲಿಸಿ ನೋಡಿದ್ದರು, 1998ರಲ್ಲಿ. ಓಟಗಾರರಲ್ಲಿ 5.3% ಜನರಿಗೆ ಈ ತೊಂದರೆ ಇತ್ತು, ಉಳಿದವರಲ್ಲಿ 0.9%. ಬಾರ್ಸಿಲೋನಾದ ವೈದ್ಯರು 2006ರಲ್ಲಿ ಇನ್ನೊಂದು ಲೆಕ್ಕ ಕೊಟ್ಟರು: ಜೀವಮಾನದಲ್ಲಿ ಒಟ್ಟು 1500 ಗಂಟೆಗಿಂತ ಜಾಸ್ತಿ ಕ್ರೀಡೆ ಮಾಡಿದವರಲ್ಲಿ ಇದು ಹೆಚ್ಚು.

ಫಿಸಿಕ್ಸ್ ಮೇಷ್ಟ್ರು ಅಲ್ವಾ, ಅಲ್ಲೇ ಲೆಕ್ಕ ಹಾಕಿದರು. ವಾರಕ್ಕೆ ಎಂಟು ಗಂಟೆ, ವರ್ಷಕ್ಕೆ ಐವತ್ತು ವಾರ, ಹದಿನೈದು ವರ್ಷ. "ಆರು ಸಾವಿರ" ಅಂದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಇನ್ನೊಂದು ಪಕ್ಕವನ್ನೂ ಹೇಳಲೇಬೇಕು. ಅದೇ ವಾಸಲೋಪೆಟ್ ಓಟಗಾರರ ಸಾವಿನ ಪ್ರಮಾಣ ಸ್ವೀಡನ್ನಿನ ಉಳಿದ ಜನರ ಅರ್ಧದಷ್ಟು ಮಾತ್ರ. ಹಿತಮಿತವಾದ ವ್ಯಾಯಾಮ ಈ ಲಯದೋಷದ ಅಪಾಯವನ್ನು ಕಡಿಮೆಯೇ ಮಾಡುತ್ತದೆ. ಏನೂ ಮಾಡದೆ ಕೂತವರಿಗೂ ಅಪಾಯ, ವರ್ಷಗಟ್ಟಲೆ ಅತಿಯಾಗಿ ದಂಡಿಸಿಕೊಂಡವರಿಗೂ ಅಪಾಯ. ನಡುವಿನವರು ಕ್ಷೇಮ. ಮೇಷ್ಟ್ರು ಓಡದೆ ಇದ್ದಿದ್ದರೆ ಅಪ್ಪನ ಹಾಗೆ ನಲವತ್ತೈದಕ್ಕೇ ಸಕ್ಕರೆ ಮಾತ್ರೆ ನುಂಗಬೇಕಾಗಿತ್ತೇನೋ. ಅವರು ಓಡಿದ್ದು ತಪ್ಪು ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಅವರ ಮನೆಯವರ ಭಯ ಬೇರೆ. ಮ್ಯಾರಥಾನಿನಲ್ಲಿ ಕುಸಿದು ಬಿದ್ದವರ ಸುದ್ದಿ ಓದಿದ್ದರು. "ಡಾಕ್ಟ್ರೇ, ಇವರು ಒಂದಿನ ಹಾಗೇ ರಸ್ತೇಲಿ ಬಿದ್ದುಬಿಟ್ರೆ?" ಅಂದರು. ಆ ಸಾವುಗಳಿಗೆ ಹೆಚ್ಚಾಗಿ ಬೇರೆ ಕಾರಣಗಳಿರುತ್ತವೆ, ರಕ್ತನಾಳದ ಅಡಚಣೆ ಅಥವಾ ವಂಶವಾಹಿಯಿಂದಾಗಿ ದಪ್ಪವಾದ ಹೃದಯದ ಸ್ನಾಯು. ಅವೆರಡರ ಸುಳಿವೂ ಇವರ ಪರೀಕ್ಷೆಗಳಲ್ಲಿ ಸಿಕ್ಕಿರಲಿಲ್ಲ. ಏಟ್ರಿಯಲ್ ಫಿಬ್ರಿಲೇಷನ್ನಿನ ದೊಡ್ಡ ಅಪಾಯ ಪಾರ್ಶ್ವವಾಯು. ಅದುರುವ ಕೋಣೆಯ ಮೂಲೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು. ಯಾರಿಗೆ ರಕ್ತ ತೆಳು ಮಾಡುವ ಮಾತ್ರೆ ಬೇಕು ಅನ್ನುವುದಕ್ಕೆ ಅಂಕ ಹಾಕುತ್ತೇವೆ: ಹೃದಯ ಸೋತಿದೆಯೇ, ಬಿಪಿ, ಸಕ್ಕರೆ ಇದೆಯೇ, ಹಿಂದೆ ಪಾರ್ಶ್ವವಾಯು ಆಗಿದೆಯೇ, ರಕ್ತನಾಳದ ಕಾಯಿಲೆ ಇದೆಯೇ, ವಯಸ್ಸು 65 ದಾಟಿದೆಯೇ. ಮೇಷ್ಟ್ರ ಅಂಕ ಸೊನ್ನೆ. ಹಾಗಾಗಿ ದಿನದ ಮಾತ್ರೆ ಬೇಕಾಗಲಿಲ್ಲ. 65 ದಾಟಿದಾಗ, ಅಥವಾ ಅದಕ್ಕೆ ಮೊದಲೇ ಬಿಪಿ ಬಂದರೆ, ಈ ಲೆಕ್ಕ ಬದಲಾಗುತ್ತದೆ ಅಂತ ಅವರ ಫೈಲಿನ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇವೆ.

ಮಾಡಿ ನೋಡಿದ್ದು

ಮೊದಲು ಮೆಟೊಪ್ರೊಲಾಲ್, ಸಣ್ಣ ಪ್ರಮಾಣದಲ್ಲಿ. ಬಡಿತ ನಿಧಾನ ಮಾಡುವ ಮಾತ್ರೆ. ಮೊದಲೇ 44 ಇದ್ದ ನಾಡಿ 38ಕ್ಕೆ ಇಳಿಯಿತು. ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿದರೆ ತಲೆ ಸುತ್ತು. ಓಡಲು ಹೋದರೆ ಕಾಲಿಗೆ ಮರಳು ಮೂಟೆ ಕಟ್ಟಿದ ಹಾಗೆ. ಎದೆ ಎಗರುವುದು ಮಾತ್ರ ಕಡಿಮೆ ಆಗಲಿಲ್ಲ. ಮೂರು ವಾರಕ್ಕೆ ನಿಲ್ಲಿಸಿದೆವು.

ಎರಡನೆಯದು ಫ್ಲೆಕೇನೈಡ್. ದಿನಾ ತಗೊಳ್ಳುವುದಲ್ಲ. ಜೇಬಿನಲ್ಲಿ ಇಟ್ಟುಕೊಂಡು ಲಯ ತಪ್ಪಿದಾಗ ಮಾತ್ರ ನುಂಗುವುದು. ಹೃದಯದ ಆಕಾರ ಚೆನ್ನಾಗಿದ್ದವರಿಗೆ ಮಾತ್ರ ಇದನ್ನು ಕೊಡುತ್ತಾರೆ. ಮೊದಲ ಸಲ ಆಸ್ಪತ್ರೆಯಲ್ಲಿ ಮಾನಿಟರ್ ಹಾಕಿಕೊಂಡೇ ತಗೊಳ್ಳಬೇಕು. (ಪ್ರಮಾಣವನ್ನು ಬೇಕಂತಲೇ ಬರೆಯುತ್ತಿಲ್ಲ. ಓದಿದವರು ತಾವಾಗಿ ತಗೊಳ್ಳುವ ಮಾತ್ರೆ ಇದಲ್ಲ.) ಎರಡೂವರೆ ಗಂಟೆಯಲ್ಲಿ ಲಯ ಸರಿಹೋಯಿತು. ಎಲ್ಲರಿಗೂ ಸಮಾಧಾನವಾಯಿತು. ಸಾಮಾನ್ಯವಾಗಿ ಇದರ ಜೊತೆ ಬಡಿತ ತಡೆಯುವ ಇನ್ನೊಂದು ಮಾತ್ರೆ ಕೊಡುತ್ತಾರೆ. ಇವರ ನಾಡಿ ಮೊದಲೇ ನಿಧಾನ ಇದ್ದದ್ದರಿಂದ ಅದನ್ನು ಬಿಟ್ಟೆವು.

ನಾಲ್ಕು ವಾರದ ನಂತರ, ಶನಿವಾರ ರಾತ್ರಿ ಹತ್ತಕ್ಕೆ ಎದೆ ಎಗರಿತು. ಮಾತ್ರೆ ನುಂಗಿದರು. ಒಂದು ಗಂಟೆಗೆ ಸರಿಹೋದ ಹಾಗೆ ಅನ್ನಿಸಿತು. ಬೆಳಿಗ್ಗೆ ಐದಕ್ಕೆ ಎದ್ದು, ಶೂ ಹಾಕಿಕೊಂಡು, ನಾಲೆ ಏರಿಯ ಮೇಲೆ ನಮ್ಮ ಜೊತೆ ಓಡಲು ಬಂದರು. ರಾತ್ರಿಯ ವಿಷಯ ಯಾರಿಗೂ ಹೇಳಲಿಲ್ಲ.

ನಾಲ್ಕನೇ ಕಿ.ಮೀ. ಹತ್ತಿರ ಹಿಂದೆ ಉಳಿದರು. ತಿರುಗಿ ನೋಡಿದರೆ ಏರಿಯ ಅಂಚಿನಲ್ಲಿ ಕೂತಿದ್ದರು. ಮುಖ ಬೂದಿ ಬಣ್ಣ, ಹಣೆಯಲ್ಲಿ ತಣ್ಣನೆ ಬೆವರು. ಈ ಸಲ ಕೈ ಹಿಡಿದು ನಾಡಿ ನೋಡಿದೆ. ಎಣಿಸಲು ಆಗದಷ್ಟು ವೇಗ, ಆದರೆ ತಾಳ ಸರಿಯಾಗಿದೆ. ಅದೇ ಇನ್ನೂ ಹೆದರಿಕೆ ಹುಟ್ಟಿಸಿತು. ಪಕ್ಕದಲ್ಲೇ ನೀರು ರಭಸವಾಗಿ ಹರಿಯುತ್ತಿತ್ತು. ಇನ್ನು ಎರಡು ಹೆಜ್ಜೆ ತಪ್ಪಿ ಇಟ್ಟಿದ್ದರೆ? ಆ ಯೋಚನೆ ಈಗಲೂ ಒಮ್ಮೊಮ್ಮೆ ರಾತ್ರಿ ಬರುತ್ತದೆ.

ನೆಲದ ಮೇಲೆ ಮಲಗಿಸಿ ಕಾಲು ಎತ್ತಿ ಹಿಡಿದೆವು. ಒಬ್ಬರು ಓಡಿ ಹೋಗಿ ಕಾರು ತಂದರು. ಆಸ್ಪತ್ರೆ ತಲುಪುವ ಹೊತ್ತಿಗೆ ವೇಗ ಅರ್ಧಕ್ಕೆ ಇಳಿದಿತ್ತು. ಇಸಿಜಿಯಲ್ಲಿ ಏಟ್ರಿಯಲ್ ಫ್ಲಟರ್ ಸಿಕ್ಕಿತು, ಅಂದರೆ ಮೇಲಿನ ಕೋಣೆಗಳು ತುಂಬಾ ವೇಗವಾಗಿ, ಆದರೆ ಒಂದೇ ತಾಳದಲ್ಲಿ ಬಡಿಯುವ ಸ್ಥಿತಿ. ಆದದ್ದು ಇಷ್ಟು. ಫ್ಲೆಕೇನೈಡ್ ಮೇಲಿನ ಕೋಣೆಯ ಹುಚ್ಚು ಅದುರುವಿಕೆಯನ್ನು ನಿಧಾನ ಮಾಡಿ ಒಂದು ತಾಳಕ್ಕೆ ತರುತ್ತದೆ. ಕೆಲವೊಮ್ಮೆ ಅದು ಪೂರ್ತಿ ನಿಲ್ಲದೆ ನಿಮಿಷಕ್ಕೆ 200ರ ಆಸುಪಾಸಿನಲ್ಲಿ ಸುತ್ತುತ್ತಿರುತ್ತದೆ. ವಿಶ್ರಾಂತಿಯಲ್ಲಿದ್ದರೆ ಮೇಲಿನ ಮತ್ತು ಕೆಳಗಿನ ಕೋಣೆಗಳ ನಡುವೆ ವಿದ್ಯುತ್ ದಾಟುವ ದ್ವಾರ ಅರ್ಧ ಬಡಿತಗಳನ್ನು ತಡೆಯುತ್ತದೆ. ಓಡಿದರೆ ಅಡ್ರಿನಲಿನ್ ಆ ದ್ವಾರವನ್ನು ಪೂರ್ತಿ ತೆರೆದುಬಿಡುತ್ತದೆ. ಆಗ ಮೇಲಿನ ಪ್ರತಿ ಬಡಿತವೂ ಕೆಳಗಿನ ಕೋಣೆಗೆ ಇಳಿಯುತ್ತದೆ. ಸಂಜೆಯವರೆಗೆ ಮಾನಿಟರಿನಲ್ಲಿ ಇಟ್ಟರು. ಲಯ ತಾನಾಗಿ ಮರಳಿತು.

ನಾನು ಮೊದಲೇ ಹೇಳಿರಲಿಲ್ಲವೇ? ಹೇಳಿದ್ದೆ. "ಮಾತ್ರೆ ತಗೊಂಡ ಮೇಲೆ ಓಡಬೇಡಿ" ಅಂದಿದ್ದೆ. ಅವರು ಕೇಳಿಸಿಕೊಂಡಿದ್ದು "ಮಾತ್ರೆ ತಗೊಂಡ ತಕ್ಷಣ ಓಡಬೇಡಿ" ಅಂತ. ರಾತ್ರಿ ನುಂಗಿ ಬೆಳಿಗ್ಗೆ ಓಡಿದರೆ ನಿಯಮ ಮುರಿದ ಹಾಗೆ ಅವರಿಗೆ ಅನ್ನಿಸಲೇ ಇಲ್ಲ. ಈ ಮಾತ್ರೆ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 20 ಗಂಟೆ ಬೇಕು. ಅಂಥ ಎರಡು ಅವಧಿ ಕಳೆಯುವವರೆಗೆ ಓಡಬಾರದು. ಅಂದರೆ ಹೆಚ್ಚುಕಡಿಮೆ ಎರಡು ದಿನ. "ಎರಡು ದಿನ" ಅನ್ನುವ ಎರಡು ಪದ ನನ್ನ ಬಾಯಿಂದ ಬರಲಿಲ್ಲ. ಅವತ್ತಿನಿಂದ ಯಾವ ಓಟಗಾರರಿಗೂ ಅಂಕಿ ಇಲ್ಲದೆ ಸೂಚನೆ ಕೊಡುವುದಿಲ್ಲ. ಕೊಟ್ಟದ್ದನ್ನು ಅವರ ಬಾಯಿಂದಲೇ ಒಂದು ಸಲ ಹೇಳಿಸುತ್ತೇನೆ. ಮನೆಯವರ ಎದುರಿಗೇ ಹೇಳಿಸುತ್ತೇನೆ.

ಮೂರು ತಿಂಗಳು ಓಡದೆ

ಮುಂದಿನ ಹೆಜ್ಜೆ ಕೇಳಲು ಸುಲಭ. ಮೂರು ತಿಂಗಳು ಓಟ ಬಿಟ್ಟು ನಡೆಯುವುದು. ವಾರಕ್ಕೆ ಮೂರು ದಿನ ಐದು ಕಿ.ಮೀ., ಮಾತಾಡುತ್ತಾ ಹೋಗುವಷ್ಟು ನಿಧಾನವಾಗಿ.

ಇಡೀ ಚಿಕಿತ್ಸೆಯಲ್ಲಿ ಅತಿ ಕಷ್ಟದ್ದು ಇದೇ. ಓಟ ಅವರಿಗೆ ಬರೀ ವ್ಯಾಯಾಮ ಆಗಿರಲಿಲ್ಲ. ಬೆಳಿಗ್ಗೆ ನಾಲ್ಕೂವರೆಗೆ ಎಚ್ಚರವಾಗಿ ಮಾಡಲು ಕೆಲಸವಿಲ್ಲದೆ ಹಜಾರದಲ್ಲಿ ಕೂರುತ್ತಿದ್ದರಂತೆ. ಸಿಟ್ಟು ಜಾಸ್ತಿಯಾಯಿತು. ಗ್ರೂಪಿನ ವಾಟ್ಸಾಪಿನಿಂದ ಹೊರಗೆ ಹೋದರು. ಒಂದು ಸಂಜೆ ಅವರ ಮನೆಯವರು ಫೋನ್ ಮಾಡಿ, "ಓಡಿಸಿಬಿಡಿ ಡಾಕ್ಟ್ರೇ, ಇವರನ್ನ ಹೀಗೆ ನೋಡಕ್ಕಾಗ್ತಿಲ್ಲ" ಅಂದರು. ರಸ್ತೆಯಲ್ಲಿ ಬಿದ್ದುಬಿಟ್ಟರೆ ಅಂತ ಹೆದರಿದ್ದವರೇ ಅವರು. ನಮ್ಮ ಕಡೆಯಿಂದ ಆದ ಕೊರತೆ ಇಲ್ಲಿದೆ. ಓಟ ಕಿತ್ತುಕೊಂಡೆವು, ಅದರ ಜಾಗಕ್ಕೆ ಏನನ್ನೂ ಕೊಡಲಿಲ್ಲ. ಇಬ್ಬರು ಗೆಳೆಯರು ಭಾನುವಾರ ಓಟ ಬಿಟ್ಟು ಅವರ ಜೊತೆ ಬೆಟ್ಟಕ್ಕೆ ನಡೆಯಲು ಶುರು ಮಾಡಿದ ಮೇಲೆ ಸ್ವಲ್ಪ ಹಗುರಾದರು. ಇದು ಯಾವ ಔಷಧಿ ಚೀಟಿಯಲ್ಲೂ ಇರಲಿಲ್ಲ. ಮೊದಲ ದಿನವೇ ಇರಬೇಕಿತ್ತು.

ಫಲ ಸಿಕ್ಕಿತು. ತಿಂಗಳಿಗೆ ಐದಾರು ಸಲ ಆಗುತ್ತಿದ್ದದ್ದು ಒಂದಕ್ಕೆ ಇಳಿಯಿತು. ಮೂರನೇ ತಿಂಗಳು ಒಂದೂ ಇಲ್ಲ. ಖುಷಿಯಿಂದ ಮತ್ತೆ ಓಡಲು ಶುರು ಮಾಡಿದರು. ವಾರಕ್ಕೆ 50 ಕಿ.ಮೀ. ದಾಟಿದ ಕೆಲವೇ ವಾರಗಳಲ್ಲಿ ಕಪ್ಪೆ ಮತ್ತೆ ಬಿಂದಿಗೆಗೆ ಬಂತು.

ಆಗ ಎದುರಿಗೆ ಎರಡು ದಾರಿ. ಕಡಿಮೆ ಓಡಿಕೊಂಡು ಇರುವುದು, ಇಲ್ಲವೇ ಅಬ್ಲೇಷನ್, ಅಂದರೆ ಹೃದಯದೊಳಗೆ ಕೊಳವೆ ಕಳಿಸಿ ಮಾಡುವ ಚಿಕಿತ್ಸೆ. ಮೇಷ್ಟ್ರು ಓದಿಕೊಂಡು ಬಂದಿದ್ದರು. ಇಟಲಿಯ ಸೈಕ್ಲಿಸ್ಟ್ ಎಲಿಯಾ ವಿವಿಯಾನಿ 2021ರ ಜನವರಿಯಲ್ಲಿ ಅಬ್ಲೇಷನ್ ಮಾಡಿಸಿಕೊಂಡು, ಅದೇ ವರ್ಷ ಟೋಕಿಯೋ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ಸುದ್ದಿ ಮೊಬೈಲಿನಲ್ಲಿತ್ತು. "ಅವರಿಗೆ 32 ವರ್ಷ, ನಿಮಗೆ 52. ಅವರಿಗೆ ಅದು ಹೊಟ್ಟೆಪಾಡು" ಅಂದೆ. "ನನಗೂ ಬದುಕೇ ಡಾಕ್ಟ್ರೇ" ಅಂದರು. ಆ ಮಾತಿಗೆ ನನ್ನ ಬಳಿ ಉತ್ತರ ಇರಲಿಲ್ಲ.

ತಜ್ಞರು ಚೆನ್ನಾಗಿ ಹೇಳಿದರು. ಫ್ರಾನ್ಸಿನ ಬೋರ್ಡೋ ನಗರದ ವೈದ್ಯರು 1998ರಲ್ಲಿ ತೋರಿಸಿಕೊಟ್ಟ ಹಾಗೆ, ಈ ಲಯದೋಷ ಶುರು ಮಾಡುವ ಕಿಡಿಗಳು ಹೆಚ್ಚಾಗಿ ಶ್ವಾಸಕೋಶದಿಂದ ಹೃದಯಕ್ಕೆ ಬರುವ ರಕ್ತನಾಳಗಳ ಬಾಯಿಯಲ್ಲಿ ಇರುತ್ತವೆ. ತೊಡೆಸಂದಿನ ರಕ್ತನಾಳದ ಮೂಲಕ ತೆಳುವಾದ ಕೊಳವೆ ಕಳಿಸಿ, ಆ ಬಾಯಿಗಳ ಸುತ್ತ ಸುಟ್ಟು ಅಥವಾ ಅತಿ ಚಳಿಯಿಂದ ಮರಗಟ್ಟಿಸಿ ಕಿಡಿ ಹೊರಗೆ ಬರದಂತೆ ಬೇಲಿ ಹಾಕುತ್ತಾರೆ. "ಬೇಲಿ ಹಾಕಬಹುದು. ಆದರೆ ಹೊಲ ಮತ್ತೆ ಅದೇ ರೀತಿ ಉಳ್ತಾ ಹೋದ್ರೆ ಬೇರೆ ಮೂಲೇಲಿ ಕಳೆ ಬರುತ್ತೆ" ಅಂದರು ತಜ್ಞರು. ಅಬ್ಲೇಷನ್ ಆದ ಮೇಲೂ ಹಳೆಯ ಲೆಕ್ಕದಲ್ಲಿ ಓಡುವ ಹಾಗಿಲ್ಲ ಅನ್ನುವುದನ್ನು ಮೊದಲೇ ಒಪ್ಪಿಸಿಕೊಂಡರು. ವಾರಕ್ಕೆ 30 ಕಿ.ಮೀ. ಅಂತ ಅಂಕಿ ಹಾಕಿ ಬರೆದುಕೊಂಡೆವು.

ಆದದ್ದು

ಬೆಂಗಳೂರಿನಲ್ಲಿ ಅಬ್ಲೇಷನ್ ಆಯಿತು. ಎರಡು ದಿನಕ್ಕೆ ಮನೆಗೆ ಬಂದರು. ಮೂರು ತಿಂಗಳು ರಕ್ತ ತೆಳು ಮಾಡುವ ಮಾತ್ರೆ. ಅಂಕ ಸೊನ್ನೆ ಇದ್ದರೂ ಈ ಅವಧಿಯಲ್ಲಿ ಅದು ಬೇಕೇ ಬೇಕು. ಸುಟ್ಟ ಜಾಗ ಮಾಯುವಾಗ ರಕ್ತ ಹೆಪ್ಪುಗಟ್ಟುವ ಸಂಭವ ಜಾಸ್ತಿ.

ಮೂರನೇ ವಾರ ಎದೆ ಮತ್ತೆ ಎಗರಿತು. ಐದನೇ ವಾರ ಇನ್ನೊಂದು ಸಲ. ದಂಪತಿ ಇಬ್ಬರೂ ಕುಸಿದು ಹೋದರು. ಇಷ್ಟು ದುಡ್ಡು ಸುರಿದು, ಇಷ್ಟು ಅನುಭವಿಸಿ, ಮತ್ತೆ ಅದೇನಾ ಅಂತ. ಮೊದಲ ಎರಡು ಮೂರು ತಿಂಗಳು ಹೀಗಾಗುವುದು ಮಾಮೂಲು. ಗಾಯದ ಊತ ಇಳಿಯುವವರೆಗೆ ಅದನ್ನು ಸೋಲು ಅಂತ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಇದನ್ನು ತಜ್ಞರು ಹೇಳಿದ್ದರು, ಆದರೆ ಆಪರೇಷನ್ನಿನ ಹಿಂದಿನ ದಿನ, ಸಹಿ ಹಾಕಿಸುವಾಗ. ಆ ಹೊತ್ತಿನಲ್ಲಿ ಯಾರ ತಲೆಗೆ ಏನು ಹೋಗುತ್ತದೆ? ನಾವು ಊರಿನಲ್ಲೇ, ಸಮಾಧಾನವಾಗಿ ಕೂತಾಗ ಹೇಳಿದ್ದರೆ ಆ ಎರಡು ವಾರದ ಸಂಕಟ ತಪ್ಪುತ್ತಿತ್ತು.

ಮೂರನೇ ತಿಂಗಳಿನಿಂದ ನಿಂತಿತು. ಈಗ ಒಂದು ವರ್ಷ ಎರಡು ತಿಂಗಳಾಗಿದೆ. ನಡುವೆ ಒಂದೇ ಒಂದು ಸಲ, ಜ್ವರ ಬಿಟ್ಟ ಮರುದಿನ, ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದ ಮೇಲೆ ಇಪ್ಪತ್ತು ನಿಮಿಷ ಬಂದು ಹೋಯಿತು. ಎಡಭಾಗದ ಮೇಲಿನ ಕೋಣೆ ಸ್ವಲ್ಪ ಚಿಕ್ಕದಾಗಿದೆ. ವಿಶ್ರಾಂತಿಯ ನಾಡಿ ಈಗ 58. ಅಬ್ಲೇಷನ್ ಆದವರಲ್ಲಿ ನಾಡಿ ಸ್ವಲ್ಪ ಏರುವುದು ಸಾಮಾನ್ಯ, ಓಟವೂ ಕಡಿಮೆಯಾಗಿದೆ. ಅವರಿಗೆ ಮೊದಮೊದಲು ಬೇಜಾರಾಗಿತ್ತು.

ನಮ್ಮ ಗ್ರೂಪಿನಲ್ಲಿ ಆದ ಬದಲಾವಣೆ ಒಂದನ್ನು ಬರೆಯಲೇಬೇಕು. ತಿಂಗಳ ಮೊದಲ ಭಾನುವಾರ, ಓಟಕ್ಕೆ ಮುಂಚೆ, ಎಲ್ಲರೂ ಒಂದು ನಿಮಿಷ ಪಕ್ಕದವರ ಮಣಿಕಟ್ಟು ಹಿಡಿದು ನಾಡಿ ನೋಡುತ್ತೇವೆ. ಎಷ್ಟು ಅಂತ ಅಲ್ಲ, ತಾಳ ಸರಿ ಇದೆಯಾ ಅಂತ. ಉಸಿರು ಎಳೆದಾಗ ಸ್ವಲ್ಪ ಬೇಗ, ಬಿಟ್ಟಾಗ ಸ್ವಲ್ಪ ನಿಧಾನ ಆಗುವುದು ಸಹಜ. ಯಾವ ಲೆಕ್ಕಕ್ಕೂ ಸಿಗದ ಹಾಗೆ ತಪ್ಪಿದರೆ ಇಸಿಜಿ. ಹೀಗೆ ನೋಡುವಾಗಲೇ 58 ವರ್ಷದ ಇನ್ನೊಬ್ಬರಲ್ಲಿ ತಾಳ ತಪ್ಪಿರುವುದು ಸಿಕ್ಕಿತು. ಅವರಿಗೆ ಎದೆ ಎಗರಿದ್ದೇ ಗೊತ್ತಾಗಿರಲಿಲ್ಲ. ಬಿಪಿ ಇತ್ತು. ಈಗ ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದಾರೆ. ಅವರ ಕೈ ಹಿಡಿದು ನೋಡಿದವರು ಮೇಷ್ಟ್ರು.

ಮೊನ್ನೆ ಕ್ಲಿನಿಕ್ಕಿಗೆ ಬಂದಾಗ ಮೇಷ್ಟ್ರು ಕಾಫಿ ತೋಟದ 50 ಕಿ.ಮೀ. ಓಟದ ಫಾರಂ ತಂದಿದ್ದರು. ಒಂದೇ ಒಂದು ಸಲ, ಓಡಿಕೊಂಡು ನಡೆದುಕೊಂಡು, ಸಮಯ ನೋಡದೆ ಮುಗಿಸುತ್ತೇನೆ ಅಂದರು. ಅವರ ಮನೆಯವರೂ ಜೊತೆಗಿದ್ದರು, ಏನೂ ಮಾತಾಡಲಿಲ್ಲ. ನಾನು ಹೌದು ಅನ್ನಲಿಲ್ಲ, ಇಲ್ಲ ಅನ್ನಲೂ ಮನಸ್ಸು ಬರಲಿಲ್ಲ. ಈ ತಿಂಗಳ ಕೊನೆಗೆ ಏಳು ದಿನದ ಹೋಲ್ಟರ್ ಕಟ್ಟುತ್ತೇವೆ. ಈ ಸಲ ಎಂದಿನ ಹಾಗೆ ಓಡಬೇಕು, ಎಂದಿನ ಹಾಗೆ ಉಣ್ಣಬೇಕು ಅಂತ ಹೇಳಿ, ಅವರ ಬಾಯಿಂದಲೂ ಹೇಳಿಸಿದ್ದೇನೆ. ಅದರ ರಿಪೋರ್ಟ್ ಬಂದ ಮೇಲೆ ನಾಲ್ಕೂ ಜನ, ತಜ್ಞರೂ ಸೇರಿ, ಕೂತು ಮಾತಾಡುತ್ತೇವೆ. ಫಾರಂ ಸದ್ಯಕ್ಕೆ ನನ್ನ ಮೇಜಿನ ಡ್ರಾಯರಿನಲ್ಲಿದೆ.